ಅಂಗಡಿ ಉಡುಗೊರೆಗಳ ಸಂಗ್ರಹ: ಮೂರನೇ ತಿಂಗಳು

ಈ ತಿಂಗಳು ಹೊಸದಾಗಿ ಸೇರಿದ್ದು ಆರೇ ಆರು. ಬಟ್ಟೆ ಚೀಲ ಎರಡು, ಟೀಪುಡಿ ಜೊತೆ ಪುಕ್ಕಟೆ ಬಂದಿದ್ದ ಗಾಜಿನ ಲೋಟ ಒಂದು, ಸ್ಟೀಲ್ ಚಮಚ ಎರಡು, ಕ್ಯಾಲೆಂಡರ್ ಒಂದು. ಒಟ್ಟು 43 ಆಯ್ತು. ಚೀಲದ ಮೇಲಿನ ಅಕ್ಷರ ಒಗೆದೂ ಒಗೆದೂ ಮಾಸಿವೆ. ಬೆಳಕಿಗೆ ಹಿಡಿದರೆ ‘ಸ್ಟೋರ್ಸ್’ ಅನ್ನುವುದಷ್ಟೇ ಕಾಣುತ್ತದೆ. ಲೋಟ, ಚಮಚದ ಫೋಟೊ ತೆಗೆದಿಟ್ಟಿದ್ದೇನೆ, ಅವುಗಳ ವಿಷಯ ಇನ್ನೊಮ್ಮೆ. ಈ ಸಲ ನನ್ನ ಹೊತ್ತೆಲ್ಲ ತಿಂದದ್ದು ಆ ಒಂದು ಕ್ಯಾಲೆಂಡರ್.

ತೀರ್ಥಹಳ್ಳಿ ಹತ್ತಿರ ನಮ್ಮ ಅಜ್ಜಿ ಮನೆ. ಅಲ್ಲಿನ ದೇವರ ಕೋಣೆಯಲ್ಲಿ ಒಂದು ಲಕ್ಷ್ಮಿ ಪಟ ಇದೆ. ಅದು ಮೊದಲು ಕ್ಯಾಲೆಂಡರ್ ಆಗಿತ್ತು. ಆಗ ಅಂಗಡಿಯವರು ಖಾಯಂ ಗಿರಾಕಿಗಳಿಗೆ ವರ್ಷಕ್ಕೊಂದು ಕ್ಯಾಲೆಂಡರ್ ಸುರುಳಿ ಸುತ್ತಿ ಕೊಡುತ್ತಿದ್ದರು. ವರ್ಷ ಮುಗಿಯಿತು ಅಂತ ದೇವರ ಚಿತ್ರ ಎಸೆಯೋಕಾಗುತ್ತಾ? ಮೇಲಿನ ತಗಡಿನ ಪಟ್ಟಿ ತೆಗೆದು, ತಿಂಗಳ ಹಾಳೆ ಕಿತ್ತು, ಪೇಟೆಯಲ್ಲಿ ಕಟ್ಟು ಹಾಕಿಸಿಬಿಡುತ್ತಿದ್ದರು. ಅಳತೆಗೆ ಕತ್ತರಿಸುವಾಗ ಅಂಗಡಿ ಹೆಸರೂ ಹೋಗುತ್ತಿತ್ತು. ನನಗೆ ಬೇಕಾಗಿರುವುದು ಆ ಹೆಸರೇ.

ಯಾಕೆಂದರೆ ಚಿತ್ರ ಹತ್ತೂರಲ್ಲೂ ಒಂದೇ. ಶಿವಕಾಶಿಯಲ್ಲಿ ರಾಶಿಗಟ್ಟಲೆ ಅಚ್ಚಾಗುತ್ತಿತ್ತು. ಏಜೆಂಟರು ಸ್ಯಾಂಪಲ್ ತೋರಿಸುತ್ತಿದ್ದರು, ಅಂಗಡಿಯವರು ಆರಿಸುತ್ತಿದ್ದರು. ಖಾಲಿ ಬಿಟ್ಟ ಜಾಗದಲ್ಲಿ ಅಂಗಡಿ ಹೆಸರು ಬೀಳುತ್ತಿತ್ತು. ಇಂಥ ಚಿತ್ರ ಬರೆದವರೂ ಸಾಮಾನ್ಯರಲ್ಲ. ಕೋವಿಲ್‌ಪಟ್ಟಿಯ ಸಿ. ಕೊಂಡಯ್ಯ ರಾಜು (1898–1976) ಮತ್ತವರ ಶಿಷ್ಯರು, ನಮ್ಮ ಕಲಬುರಗಿಯ ಎಸ್.ಎಂ. ಪಂಡಿತ್ (1916–1993) ಅಂಥವರು. ಅವರ ಹೆಸರು ಉಳಿದಿದೆ, ಉಳಿಯಲೇಬೇಕು. ಚಿತ್ರದ ಕೆಳಗಿದ್ದ ದಿನಸಿ ಅಂಗಡಿಯ ಹೆಸರೂ ಉಳಿಯಲಿ ಅನ್ನುವುದು ನನ್ನ ಆಸೆ.

ಹೋದ ಭಾನುವಾರ ಮಾವನನ್ನು ಕೇಳಿ ಪಟ ಬಿಚ್ಚಿದೆ. ಮೊಳೆಗಳು ತುಕ್ಕು ಹಿಡಿದು ಪುಡಿಯಾಗಿದ್ದವು. ಮಳೆಗಾಲದ ತೇವಕ್ಕೆ ಚಿತ್ರದ ಒಂದು ಮೂಲೆ ಗಾಜಿಗೆ ಅಂಟಿತ್ತು. ಮೆಲ್ಲಗೇ ಎಳೆದೆ, ಆದರೂ ಕಮಲದ ಒಂದು ಎಸಳು ಗಾಜಿನಲ್ಲೇ ಉಳಿಯಿತು. ತುಂಬಾ ಬೇಜಾರಾಯ್ತು. ಇನ್ನು ಮುಂದೆ ಅಂಟಿದ್ದನ್ನು ಬಿಡಿಸುವುದಿಲ್ಲ, ಗಾಜಿನ ಸಮೇತವೇ ಇಡುತ್ತೇನೆ.

ಕಟ್ಟು ಹಾಕಿದವರು ಕೆಳಗಿನ ಅಂಚನ್ನು ಕತ್ತರಿಸಿರಲಿಲ್ಲ, ಹಿಂದಕ್ಕೆ ಮಡಚಿದ್ದರು! ಬಿಡಿಸಿದರೆ ಎರಡು ಬೆರಳಗಲ ಪಟ್ಟಿ, ಕೆಂಪಕ್ಷರ. ‘ದಿನಸಿ ಮತ್ತು ಜವಳಿ ವ್ಯಾಪಾರಿಗಳು, ತೀರ್ಥಹಳ್ಳಿ, ಮೈಸೂರು ರಾಜ್ಯ’. ಮೇಲಿನ ಸಾಲು ಗೆದ್ದಲ ಪಾಲು. ಮೊದಲಿನ ‘ಶ್ರೀ’, ಕೊನೆಯ ‘ಅಂಡ್ ಸನ್ಸ್’ ಮಾತ್ರ ಉಳಿದಿವೆ.

ರಟ್ಟಿಗೂ ಚಿತ್ರಕ್ಕೂ ನಡುವೆ ಅದೇ ಕ್ಯಾಲೆಂಡರಿನ ಡಿಸೆಂಬರ್ ಹಾಳೆ ಹಾಸಿದ್ದರು. ಇಸವಿ ಇದ್ದ ಮೂಲೆ ಹರಿದಿತ್ತು. ಡಿಸೆಂಬರ್ 1 ಶುಕ್ರವಾರ. ಹಾಗಾದರೆ 1961, 1967, 1972 ಅಥವಾ 1978. ರಾಜ್ಯದ ಹೆಸರು ಬದಲಾದದ್ದು 1973ರ ನವೆಂಬರ್ 1ಕ್ಕೆ, ಹಾಗಾಗಿ 1978 ಬಿಟ್ಟುಹೋಯ್ತು. ಭೂತಗನ್ನಡಿ ಹಿಡಿದು ನೋಡಿದಾಗ ತಲೆಬರಹದಲ್ಲಿ ‘ಪ್ಲವಂಗ ಸಂವತ್ಸರ’ ಅಂತಿತ್ತು. ಅಲ್ಲಿಗೆ 1967 ಖಚಿತ.

ಆ ಹಾಳೆಯಲ್ಲಿ ಅಜ್ಜನ ಪೆನ್ಸಿಲ್ ಬರಹ ಇದೆ. 9ರ ಚೌಕದಲ್ಲಿ ‘ಗಂಗೆ ಕರು ಹಾಕಿತು’. 23ರಲ್ಲಿ ‘ಸೀಮೆಎಣ್ಣೆ, ಬೆಲ್ಲ. ಅಂಗಡಿ ಬಾಕಿ 3.40’. ಅಂಗಡಿಯವರು ಕೊಟ್ಟ ಹಾಳೆ ಮೇಲೇ ಅಂಗಡಿ ಸಾಲದ ಲೆಕ್ಕ. ಎಷ್ಟು ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆನೋ.

ಚಿತ್ರವನ್ನು ಮೆತ್ತನೆ ಬ್ರಷ್‌ನಲ್ಲಿ ಒರೆಸಿ, ಹರಿದ ಕಡೆ ಹಿಂಬದಿಯಿಂದ ತೆಳು ಕಾಗದ, ಮೈದಾ ಅಂಟು ಹಾಕಿದ್ದೇನೆ. ಸೆಲ್ಲೋಟೇಪ್ ಮಾತ್ರ ಬೇಡ, ಹಳದಿ ಕಲೆ ಬಿಡುತ್ತದೆ. ಪಟ್ಟಿ ಕಾಣುವಂತೆ ಸ್ವಲ್ಪ ಉದ್ದದ ಹೊಸ ಕಟ್ಟು ಹೇಳಿದ್ದೇನೆ.

ಅಟ್ಟದ ಮೇಲೆ ಅಜ್ಜನ ಹಳೇ ಬಾಕಿ ಪುಸ್ತಕಗಳ ಗಂಟು ಇದೆಯಂತೆ. ಶನಿವಾರ ಇಳಿಸುತ್ತೇನೆ.