ರೈತಸಂಘದ ಪಕ್ಷಕ್ಕೆ ಹನ್ನೆರಡು ಸೀಟಿನ ಲೆಕ್ಕ

ಹಾಸನದ ಕಡೆ ರೈತಸಂಘದ ಹಸಿರು ಶಾಲು ಹೊಸದಲ್ಲ. ಆಲೂಗಡ್ಡೆ ಬಿತ್ತನೆ ಬೀಜ, ಕೊಬ್ಬರಿ ಬೆಲೆ, ಆಲೂರು–ಸಕಲೇಶಪುರದ ಆನೆ ಕಾಟ, ಯಾವುದಕ್ಕೆ ಧರಣಿ ಕೂತರೂ ಶಾಲು ಹೆಗಲೇರುತ್ತೆ. ಓಟು ಬಂದಾಗ ಅದೇ ಜನ ಜೆಡಿಎಸ್, ಕಾಂಗ್ರೆಸ್, ಬಿಜೆಪಿ ಅಂತ ಹಂಚಿಹೋಗ್ತಾರೆ. ಇದನ್ನು ದ್ರೋಹ ಅನ್ನೋದು ತಪ್ಪು. ಯಾವ ಪಕ್ಷದವನಾದರೂ ಸರಿ, ರೈತನಾದರೆ ಬಾ ಅಂತ ಕರೆದಿದ್ದರಿಂದಲೇ ಸಂಘ ಊರೂರಿಗೆ ಹಬ್ಬಿದ್ದು.

1980ರ ನರಗುಂದ–ನವಲಗುಂದ ರೈತ ಬಂಡಾಯದ ಬೆನ್ನಿಗೇ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. 1989ರಲ್ಲಿ ಸಂಘದ ಬಾಬಾಗೌಡ ಪಾಟೀಲರು ಕಿತ್ತೂರು, ಧಾರವಾಡ ಗ್ರಾಮೀಣ ಎರಡೂ ಕಡೆ ಗೆದ್ದರು. ಅವರು ಬಿಟ್ಟುಕೊಟ್ಟ ಧಾರವಾಡ ಗ್ರಾಮೀಣದಿಂದ ಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿ ವಿಧಾನಸಭೆಗೆ ಹೋದರು. ಮುಂದೆ ಬಾಬಾಗೌಡರು ಬಿಜೆಪಿ ಸೇರಿ 1998ರಲ್ಲಿ ಬೆಳಗಾವಿ ಸಂಸದರಾದರು, ಕೇಂದ್ರದಲ್ಲಿ ಮಂತ್ರಿಯೂ ಆದರು. 1994ರಲ್ಲಿ ಪಾಂಡವಪುರದಿಂದ ಕೆ.ಎಸ್. ಪುಟ್ಟಣ್ಣಯ್ಯ ಗೆದ್ದರು.

ರೈತ, ದಲಿತ ಚಳವಳಿಗಳು ಸೇರಿ 2005ರಲ್ಲಿ ಸರ್ವೋದಯ ಕರ್ನಾಟಕ ಪಕ್ಷ ಕಟ್ಟಿದವು. ಸಾಹಿತಿ ದೇವನೂರ ಮಹಾದೇವ ಮುಂದೆ ನಿಂತರು. 2013ರಲ್ಲಿ ಪುಟ್ಟಣ್ಣಯ್ಯ ಮೇಲುಕೋಟೆಯಲ್ಲಿ ಗೆದ್ದರು. 2017ರಲ್ಲಿ ಪಕ್ಷ ಸ್ವರಾಜ್ ಇಂಡಿಯಾ ಜೊತೆ ವಿಲೀನವಾಯಿತು. 2018ರ ಫೆಬ್ರವರಿಯಲ್ಲಿ ಪುಟ್ಟಣ್ಣಯ್ಯ ತೀರಿಕೊಂಡರು. ಆ ವರ್ಷ ಸೋತ ಮಗ ದರ್ಶನ್, 2023ರಲ್ಲಿ ಮತ್ತೆ ಸರ್ವೋದಯದ ಹೆಸರಲ್ಲೇ ನಿಂತು ಗೆದ್ದರು. ಕಾಂಗ್ರೆಸ್ ಅಲ್ಲಿ ಅಭ್ಯರ್ಥಿ ಹಾಕಿರಲಿಲ್ಲ.

ಮೇಲುಕೋಟೆ ನಮಗೇನು ದೂರವಲ್ಲ, ಚನ್ನರಾಯಪಟ್ಟಣ, ಕೆ.ಆರ್. ಪೇಟೆ ದಾಟಿದರೆ ಅದೇ ಸೀಮೆ. ಆದರೆ ಆ ಗೆಲುವು ಇತ್ತ ಹರಡಲಿಲ್ಲ. ಇದಕ್ಕೆ ಜಾತಿ, ದುಡ್ಡು ಅಂತ ಎಲ್ಲರೂ ಹೇಳ್ತಾರೆ, ಅದೂ ನಿಜ. ಯಾರೂ ಹೇಳದಿರೋದು ಚಿಹ್ನೆಯ ಕಥೆ.

ಸರ್ವೋದಯದಂಥ ಮಾನ್ಯತೆ ಇಲ್ಲದ ಪಕ್ಷದ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಚಿಹ್ನೆ ಬೇಕಾದರೆ, ವಿಧಾನಸಭೆಯ ಶೇ. 5ರಷ್ಟು ಕ್ಷೇತ್ರಗಳಲ್ಲಾದರೂ ನಿಲ್ತೀವಿ ಅಂತ ಚುನಾವಣಾ ಆಯೋಗಕ್ಕೆ ಮೊದಲೇ ಬರೆದುಕೊಡಬೇಕು. 224ಕ್ಕೆ ಶೇ. 5 ಅಂದರೆ 11.2, ಅಂದರೆ 12. ಹಾಸನದ 7, ಚಿಕ್ಕಮಗಳೂರಿನ 5 ಪೂರ್ತಿ ಸೇರಿಸಿದರೆ ಸರಿಯಾಗಿ 12! ಒಂದು ಕಡೆ ಅಭ್ಯರ್ಥಿ ನಿಲ್ಲದಿದ್ದರೂ ಲೆಕ್ಕ ಕೆಟ್ಟಿತು. ಠೇವಣಿ ತಲಾ ₹10,000, ಪರಿಶಿಷ್ಟರಿಗೆ ಅರ್ಧ. ಸಕಲೇಶಪುರ, ಮೂಡಿಗೆರೆ ಮೀಸಲು, ಹಾಗಾಗಿ ಹೆಚ್ಚೆಂದರೆ ₹1,10,000. ಪ್ರತಿ ನಾಮಪತ್ರಕ್ಕೂ ಆ ಕ್ಷೇತ್ರದ 10 ಮತದಾರರ ಸಹಿ ಬೇರೆ ಬೇಕು, ಮಾನ್ಯತೆ ಇರುವ ಪಕ್ಷಕ್ಕೆ ಒಬ್ಬರು ಸಾಕು. ಆರನೇ ಒಂದು ಭಾಗ ಓಟು ದಾಟದಿದ್ದರೆ ಠೇವಣಿ ಹೋಯಿತು: 1,50,000 ಓಟು ಸಿಂಧುವಾದರೆ 25,000 ದಾಟಬೇಕು.

ಒಂದೇ ಚಿಹ್ನೆ ಸಿಗದಿದ್ದರೆ ಬೇಲೂರಿನಲ್ಲಿ ಒಂದು, ಅರಕಲಗೂಡಿನಲ್ಲಿ ಇನ್ನೊಂದು. ಅದೂ ನಾಮಪತ್ರ ವಾಪಸಾತಿ ಮುಗಿದ ಮೇಲೆ ಕೈಗೆ ಬರುತ್ತೆ, ಮತದಾನಕ್ಕೆ ಆಗ ಎರಡು ವಾರದಷ್ಟೇ ಉಳಿದಿರುತ್ತೆ. ಅಷ್ಟರಲ್ಲಿ ಕರಪತ್ರ ಅಚ್ಚಾಗಬೇಕು, ಗೋಡೆ ಬರಹ ಆಗಬೇಕು, ಓದಲು ಬಾರದ ಅಜ್ಜಿಗೂ ಚಿತ್ರ ನೆನಪಿರಬೇಕು. ಮೇಲುಕೋಟೆಯಲ್ಲಿ ಹೀಗಾದರೂ ನಡೆಯುತ್ತೆ, ಅಲ್ಲಿ ಜನ ಪುಟ್ಟಣ್ಣಯ್ಯನವರ ಮನೆತನವನ್ನು ನೋಡಿ ಓಟು ಹಾಕ್ತಾರೆ. ನಮ್ಮ ಕಡೆ ಸಂಘಕ್ಕೆ ಅಂಥ ಮುಖ ಇನ್ನೂ ಬೆಳೆದಿಲ್ಲ.