ನಮ್ಮನೇಲಿ ಕಸ ಎಲ್ಲಿದ್ದು?

"ನಮ್ಮನೇಲಿ ಕಸ ಎಲ್ಲಿದ್ದು? ಎಲ್ಲಾ ಗೊಬ್ಬರಗುಂಡಿಗೆ ಹೋಗ್ತು" ಅಂದರು ನಮ್ಮನೆಯವರು, ಬಾಯಿತುಂಬ ಎಲೆ ಅಡಿಕೆಯ ಕವಳ ಇಟ್ಟುಕೊಂಡು. ಪಂಚಾಯತಿಯ ಕಸದ ಗಾಡಿ ಮೊದಲ ಸಲ ನಮ್ಮ ಕೇರಿಗೆ ಬಂದಿತ್ತು. ಓಡಿಸುತ್ತಿದ್ದವಳು ಹುಡುಗಿ. ಅಂಗಳದಲ್ಲಿ ನಿಂತು "ಅಮ್ಮಾ, ಒಣ ಕಸ ಇದ್ರೆ ಕೊಡಿ" ಅಂತ ಕರೆಯುತ್ತಿದ್ದಳು.

ಇವರ ಮಾತು ಒಂದು ಕಾಲಕ್ಕೆ ನಿಜವೇ. ಎಂಬತ್ತರ ದಶಕದಲ್ಲಿ ನಾನು ಸಿರಸಿ ಸೀಮೆಯ ಈ ಮನೆಗೆ ಮದುವೆಯಾಗಿ ಬಂದಾಗ ಕಸ ಅಂದರೆ ಗುಡಿಸಿದ್ದು, ಅಷ್ಟೇ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ, ಅಂದರೆ ಸೊಪ್ಪು ತಂದುಕೊಳ್ಳುವ ಕಾಡಿನ, ಹಕ್ಕು. ಬೆಟ್ಟದ ಸೊಪ್ಪು, ದರಕು (ಒಣಗಿ ಉದುರಿದ ಎಲೆ) ಕೊಟ್ಟಿಗೆಗೆ. ದನ ತುಳಿದು ಸಗಣಿ ಗಂಜಳ ಸೇರಿದ ಮೇಲೆ ಗೊಬ್ಬರಗುಂಡಿಗೆ, ಅಲ್ಲಿಂದ ಅಡಿಕೆ ಬುಡಕ್ಕೆ. ಪಾತ್ರೆ ತಿಕ್ಕಲು ಬೂದಿ, ತಲೆಗೆ ಸೀಗೆ, ಬಟ್ಟೆಗೆ ಅಂಟವಾಳ. ಅಂಗಡಿಯಿಂದ ಸಕ್ಕರೆ ಪೊಟ್ಟಣ ಬಂದರೆ ನಮ್ಮತ್ತೆ ಗಂಟನ್ನು ಉಗುರಲ್ಲೇ ಬಿಡಿಸುತ್ತಿದ್ದರು, ಕತ್ತರಿ ಮುಟ್ಟುತ್ತಿರಲಿಲ್ಲ. ದಾರ ಉಂಡೆಗೆ ಸೇರಬೇಕು, ಕಾಗದ ಮಡಚಿ ಚಾಪೆ ಅಡಿಗೆ ಹೋಗಬೇಕು.

ಇದನ್ನೆಲ್ಲ ಕೇಳಿದವರು "ಹಿಂದಿನವರು ಎಂಥಾ ಪರಿಸರಪ್ರೇಮಿಗಳು!" ಅಂತ ಭಾಷಣ ಮಾಡುತ್ತಾರೆ. ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಅತ್ತೆಗೆ ಪರಿಸರದ ಚಿಂತೆ ಇರಲಿಲ್ಲ, ಕೈಯಲ್ಲಿ ದುಡ್ಡಿರಲಿಲ್ಲ. ಬೂದಿ ತಿಕ್ಕಿ ತಿಕ್ಕಿ ಅವರ ಅಂಗೈ ಬಿರುಕು ಬಿಟ್ಟಿತ್ತು. ಸೊಪ್ಪಿನ ಹೊರೆ ಹೊತ್ತ ಸೊಂಟ ಕೊನೆಯವರೆಗೂ ನೆಟ್ಟಗಾಗಲಿಲ್ಲ. ಮನೆಗೆ ಮೊದಲ ಪ್ಲಾಸ್ಟಿಕ್ ಕೊಡ ಬಂದ ದಿನ ಅದನ್ನು ಒಂದೇ ಕೈಯಲ್ಲಿ ಎತ್ತಿ "ಎಷ್ಟು ಹಗೂರ ಇದ್ದು ನೋಡೇ!" ಅಂತ ಮಗುವಿನ ಹಾಗೆ ನಕ್ಕಿದ್ದರು. ತಾಮ್ರದ ಕೊಡ ಹೊತ್ತು ಬಾವಿಯಿಂದ ಮೆಟ್ಟಿಲು ಹತ್ತಿದವರಿಗೇ ಆ ನಗು ಅರ್ಥವಾಗುವುದು.

ಆಗ ಪರಿಸರ ಅಂದರೆ ಕಾಡು. 1983ರ ಸೆಪ್ಟೆಂಬರ್ 8ರಂದು ಸಿರಸಿ ಹತ್ತಿರದ ಸಾಲ್ಕಣಿ ಸುತ್ತಿನ ಜನ ಕಾಡಿಗೆ ನಡೆದು ಹೋಗಿ, ಕಡಿಯಲು ಬಂದವರ ಎದುರು ಮರ ಅಪ್ಪಿಕೊಂಡು ನಿಂತರು. ಅಪ್ಪಿಕೋ ಚಳವಳಿ ಶುರುವಾಗಿದ್ದು ಹಾಗೆ. ನಮ್ಮ ಜಗಲಿಯಲ್ಲೂ ತಿಂಗಳುಗಟ್ಟಲೆ ಅದೇ ಮಾತು. ಚಾ ಕೊಡುತ್ತ ನಾನೂ ಕೇಳಿಸಿಕೊಂಡೆ. ಕೊಡಲಿಗೆ ಬೀಳಲಿದ್ದ ಮರಗಳನ್ನು ಉಳಿಸಿದ ಆ ಜನರ ಮೇಲೆ ನನಗೆ ಇವತ್ತಿಗೂ ಗೌರವವಿದೆ. ಆದರೆ ಅಂಗಡಿಯ ಬಾಗಿಲಿಗೆ ಶಾಂಪೂವಿನ ಪ್ಲಾಸ್ಟಿಕ್ ಚೀಟಿಗಳು ಸರದ ಹಾಗೆ ಬಂದು ನೇತುಬಿದ್ದಾಗ ಜಗಲಿಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಅದು ಹೆಂಗಸರ ವಿಷಯ, ಅಲ್ವಾ?

ಇವರು ಹಾಗೆ ಅಂದರೂ ನಾನು ಒಳಗೆ ಹೋಗಿ ಹುಡುಕಿದೆ. ಹಿತ್ತಲ ಬಾಗಿಲ ಹಿಂದಿನಿಂದ ಹಾಲಿನ ಪ್ಯಾಕೆಟ್ಟು, ಇವರ ಬಿಪಿ ಮಾತ್ರೆಯ ಖಾಲಿ ಪಟ್ಟಿ, ರಜೆಗೆ ಬಂದ ಮೊಮ್ಮಗ ತಿಂದು ಬಿಟ್ಟ ಚಿಪ್ಸ್ ಕವರು, ಕೊರಿಯರ್ ಚೀಲ, ಹರಿದ ನೈಲಾನ್ ಹಗ್ಗ. ಗೋಣಿ ತುಂಬಿತು. ಇವರು ಮಾತಾಡಲಿಲ್ಲ.

ಹುಡುಗಿ ಗೋಣಿಯನ್ನು ಅಲ್ಲೇ ಬಿಡಿಸಿದಳು. ಒಂದು ಹಾಲಿನ ಪ್ಯಾಕೆಟ್ ಎತ್ತಿ ಮೂಸಿ ನೋಡಿ, "ತೊಳೆದು ಒಣಗಿಸಿ ಇಡಿ ಅಮ್ಮಾ, ವಾಸನೆ ಕುಡಿಯೋದು ನಾನು" ಅಂದಳು. ಮತ್ತೆ ಕತ್ತರಿಸಿದ ಮೂಲೆ ತೋರಿಸಿ, "ಈ ತುಂಡು ಪೂರ್ತಿ ಬೇರೆ ಮಾಡ್ಬೇಡಿ. ಸ್ವಲ್ಪ ಕತ್ತರಿಸಿ ಹಾಗೇ ಬಿಡಿ. ತುಂಡು ಮಣ್ಣಿಗೆ ಬಿದ್ರೆ ಹೆಕ್ಕೋದು ಯಾರು?" ಉಗುರಿನಷ್ಟು ಪ್ಲಾಸ್ಟಿಕ್ ಬಗ್ಗೆ ಈವರೆಗೆ ನನಗೆ ಯಾರೂ ಹೇಳಿರಲಿಲ್ಲ. ಅವಳು ಹೋದ ಮೇಲೆ ಅಂಗಳದ ಅಂಚಿನಲ್ಲಿ ನೋಡಿದರೆ ಅಂಥ ನೀಲಿ ಬಿಳಿ ಮೂಲೆಗಳು ಎಷ್ಟೊಂದು!

ಹಾಲಿನ ಪ್ಯಾಕೆಟ್ ಅಡಿಕೆ ತೋಟದ ಮನೆಗೆ ಯಾಕೆ ಬಂತು ಅನ್ನುವುದೇ ದೊಡ್ಡ ಕಥೆ. ಮಕ್ಕಳು ಬೆಂಗಳೂರಿಗೆ ಹೋದರು. ನೋಡಿಕೊಳ್ಳುವವರಿಲ್ಲ ಅಂತ ದನ ಕೊಟ್ಟೆವು. ಸಗಣಿ ಇಲ್ಲದೆ ಗೋಬರ್ ಗ್ಯಾಸ್ ನಿಂತಿತು, ಸಿಲಿಂಡರ್ ಬಂತು. ಕೊಟ್ಟಿಗೆ ಖಾಲಿಯಾದ ಮೇಲೆ ಸೊಪ್ಪು ತರುವ ಕೆಲಸವೂ ಇಲ್ಲ. ತೋಟಕ್ಕೆ ಚೀಲದ ಗೊಬ್ಬರ, ಆ ಚೀಲವೂ ಪ್ಲಾಸ್ಟಿಕ್ಕೇ. ಒಂದು ದನ ಹಟ್ಟಿ ಬಿಟ್ಟರೆ ಅದರ ಹಿಂದೆ ಏನೇನೆಲ್ಲ ಹೊರಟು ಹೋಗುತ್ತದೆ ನೋಡಿ.

ಗಾಡಿ ಬರುವ ಮೊದಲು ಇದೆಲ್ಲ ಎಲ್ಲಿಗೆ ಹೋಗುತ್ತಿತ್ತು? ನಮ್ಮ ಕಡೆ ಬಚ್ಚಲ ಒಲೆಗೆ. ಬೆಂಕಿ ಹೊತ್ತಿಸಲು ಸುಲಭ, ವಿಷದ ಹೊಗೆ ಕುಡಿಯುವುದು ಊದುವವರು. ಉಳಿದಿದ್ದು ಹಳ್ಳಕ್ಕೆ. ನಮ್ಮ ಹಳ್ಳ ಸೇರುವುದು ಅಘನಾಶಿನಿಯನ್ನು. ಸಿರಸಿಯ ಹತ್ತಿರ ಹುಟ್ಟಿ, ಒಂದೂ ಅಣೆಕಟ್ಟಿಲ್ಲದೆ ತದಡಿಯ ಹತ್ತಿರ ಸಮುದ್ರ ಸೇರುವ ಹೊಳೆ ಅಂತ ನಾವು ಹೆಮ್ಮೆ ಪಡುತ್ತೇವೆ. 2024ರಲ್ಲಿ ಅದು ಸಮುದ್ರ ಸೇರುವ ಅಳಿವೆಗೆ ರಾಮ್ಸರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗವೂ ಸಿಕ್ಕಿತು. ತಡೆಯಲು ಅಣೆಕಟ್ಟು ಇಲ್ಲ ಅಂದರೆ ನಮ್ಮ ಶಾಂಪೂ ಚೀಟಿಗೂ ತಡೆಯಿಲ್ಲ. ಕುಮಟಾ ಕಡೆ ಕೊಟ್ಟ ನಾದಿನಿ ಹೇಳುತ್ತಾಳೆ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬೇರಿಗೆ ಈ ಪ್ಲಾಸ್ಟಿಕ್ ಸುತ್ತಿಕೊಂಡಿರುತ್ತದಂತೆ. ಬಳಚು (ಚಿಪ್ಪಿನ ಜೀವಿ) ಹೆಕ್ಕುವ ಹೆಂಗಸರು ಮೊದಲು ಅದನ್ನು ಬಿಡಿಸಬೇಕು.

ಹೊರಡುವಾಗ ಹುಡುಗಿಯ ಕಣ್ಣು ಅಟ್ಟದ ಮೇಲೆ ಬಿತ್ತು. ಅಡಿಕೆ ಗೊನೆಗೆ ಹೊದಿಸಿ ಕಟ್ಟಿದ್ದ ಪ್ಲಾಸ್ಟಿಕ್ ಕೊಟ್ಟೆಗಳ ರಾಶಿ. ಮಳೆಗಾಲದಲ್ಲಿ ಕೊಳೆರೋಗ ಬರದಿರಲಿ ಅಂತ ಕಟ್ಟುವುದು. ಹಿಂದೆ ಕರಡದ ಹುಲ್ಲಿನಲ್ಲಿ ಹೆಣೆಯುತ್ತಿದ್ದರು. "ಅಷ್ಟೊಂದು ನನ್ನ ಗಾಡಿಲಿ ಹಿಡಿಯಲ್ಲ. ಪಂಚಾಯತಿಯಲ್ಲಿ ಕೇಳಿ ಹೇಳ್ತೀನಿ" ಅಂದಳು.

ರಾತ್ರಿ ಊಟಕ್ಕೆ ಕೂತಾಗ ನಾನು ಅದನ್ನೇ ಎತ್ತಿದೆ. ಮುಂದಿನ ವರ್ಷ ಕೊಟ್ಟೆ ಬಿಟ್ಟು ಔಷಧಿ ಮಾತ್ರ ಹೊಡೆಸಿದರೆ ಸಾಲದಾ? "ಆ ಔಷಧಿಯ ಮೈಲುತುತ್ತು ಮಣ್ಣಿಗೆ ತಂಪಾ?" ಅಂತ ಇವರು. ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. "ಹಂಗಾರೆ ಕರಡದ ಕೊಟ್ಟೆ ಹೆಣಿಯಲೆ ಕಲೀರಿ" ಅಂದೆ. ಮಜ್ಜಿಗೆ ಹಾಕು ಅಂದರು.