ಪ್ಲೇಟ್ ತಿರುಗಿಸಿ ಹಾಕು

ಮ್ಯಾಗಜಿನ್‌ಗೆ ಹಳೇ ಸ್ಟೂಡೆಂಟ್ಸ್ ನೆನಪು ಬರ್ಕೊಡಿ ಅಂತ ಕೇಳಿದಾಗ್ಲೇ ನಂಗೆ ಗೊತ್ತಿತ್ತು, ಮೆಸ್ಸಿನ ನೀರು ಸಾಂಬಾರು, ವಾರ್ಡನ್ ಟಾರ್ಚು, ಗೋಡೆ ಹಾರಿ ಸೆಕೆಂಡ್ ಶೋಗೆ ಹೋಗಿದ್ದು ಇವನ್ನೆಲ್ಲಾ ನಮ್ಮ ಬ್ಯಾಚಿನ ಬೇರೆಯೋರು ಬರೆದೇ ಬರೀತಾರೆ. ಅವರ ಹೊಟ್ಟೆ ಮೇಲೆ ನಾನ್ಯಾಕೆ ಹೊಡೀಲಿ. ನಾನು ಬಿ ಸೈಡ್ ಬಗ್ಗೆ ಬರೀತೀನಿ.

ಈಗಿನ ಹುಡುಗ್ರಿಗೆ ಸ್ವಲ್ಪ ಬಿಡಿಸಿ ಹೇಳ್ಬೇಕು. ಏಳಿಂಚಿನ ಗ್ರಾಮಫೋನ್ ಪ್ಲೇಟು, ನಿಮಿಷಕ್ಕೆ 45 ಸುತ್ತು, ಒಂದೊಂದು ಕಡೆ ಒಂದೊಂದೇ ಹಾಡು, ಅದಕ್ಕೆ ಸಿಂಗಲ್ ಅಂತಿದ್ರು. 1949ರಲ್ಲಿ ಅಮೆರಿಕದ ಆರ್‌ಸಿಎ ವಿಕ್ಟರ್‌ನೋರು ಈ 45ರ ಪ್ಲೇಟ್ ಶುರು ಮಾಡಿದ್ದು. ರೇಡಿಯೋದಲ್ಲಿ ಓಡ್ಲಿ ಅಂತ ಕಂಪನಿ ಆರಿಸಿದ ಹಾಡು ಎ ಸೈಡು, ಹಿಂದ್ಗಡೆ ಖಾಲಿ ಬಿಡಕ್ಕಾಗಲ್ವಲ್ಲ ಅಂತ ಹಾಕಿದ್ದು ಬಿ ಸೈಡು. ನಮ್ಮ ಸಿನಿಮಾ ಹಾಡಿನ ಇಪಿಗಳ ಲೆಕ್ಕವೇ ಬೇರೆ, ಸೈಜ್ ಅದೇ ಆದ್ರೂ ಹೆಚ್ಚಾಗಿ ಈ ಕಡೆ ಎರಡು ಆ ಕಡೆ ಎರಡು ಹಾಡು ಇರ್ತಿತ್ತು, ಯಾವ್ದು ಮುಂದು ಯಾವ್ದು ಹಿಂದು ಅಂತ ಮನೇಲಿ ಯಾರೂ ತಲೆ ಕೆಡಿಸ್ಕೊಂಡಿದ್ದು ನಾ ಕಾಣೆ. ಹಾಗಾಗಿ ಇಂಗ್ಲಿಷ್ ಪಾಪ್‌ನೋರ ಈ ತಾರತಮ್ಯ ನಂಗೆ ಹಾಸ್ಟೆಲ್‌ಗೆ ಬಂದ್ಮೇಲೇ ಗೊತ್ತಾಗಿದ್ದು.

ಗೊತ್ತು ಮಾಡ್ಸಿದ್ದು ಕೆಜಿಎಫ್. ಸಿನಿಮಾ ಅಲ್ಲ, ನಮ್ಮ ರೂಮ್‌ಮೇಟು. 1980ರ ಆಸುಪಾಸಿನ ಹಾಸ್ಟೆಲ್ಲಲ್ಲಿ ಊರಿನ ಹೆಸ್ರೇ ಮನುಷ್ಯನ ಹೆಸ್ರು, ಹಂಗಾಗಿ ಕೋಲಾರದ ಚಿನ್ನದ ಗಣಿ ಕಡೆಯಿಂದ ಬಂದೋನು ಕೆಜಿಎಫ್, ಸಿತಾರ್ ಹೊತ್ಕೊಂಡು ಬಂದೋನು ಧಾರವಾಡ. ಕೆಜಿಎಫ್‌ದು ಆಂಗ್ಲೋ ಇಂಡಿಯನ್ ಮನೆ, ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದ್ದೋರು. ಅವನ ಅಂಕಲ್‌ಗಳು ಒಬ್ಬೊಬ್ಬರಾಗಿ ಆಸ್ಟ್ರೇಲಿಯಾಗೆ ಹೊರಟಾಗ ಬಿಟ್ಟುಹೋದ ಪ್ಲೇಟುಗಳೆಲ್ಲಾ ಒಂದು ತಗಡಿನ ಟ್ರಂಕಲ್ಲಿ ಸೇರ್ಕೊಂಡು, ಆ ಟ್ರಂಕು ಇವನ ಜೊತೆ ಹಾಸ್ಟೆಲ್‌ಗೆ ಬಂತು. ಕಲ್ಕತ್ತಾದ ಡಂಡಂ ಫ್ಯಾಕ್ಟರಿಯಲ್ಲಿ ಒತ್ತಿದ್ದು ಜಾಸ್ತಿ, ಇಂಗ್ಲೆಂಡಿಂದು ಒಂದಷ್ಟು, ಅಮೆರಿಕದ್ದು ಕೆಲವು. ಅಮೆರಿಕದ್ದಕ್ಕೆ ಮಧ್ಯ ಒಂದೂವರೆ ಇಂಚಿನ ತೂತು, ನಮ್ಮ ಎಚ್‌ಎಂವಿ ಫಿಯೆಸ್ಟಾ ಪ್ಲೇಯರ್‌ನ ಕಡ್ಡಿಗೆ ಕೂರೋದೇ ಇಲ್ಲ, ಅದಕ್ಕೆ ಹಳೇ ಹವಾಯಿ ಚಪ್ಪಲಿ ಕತ್ತರಿಸಿ ರಬ್ಬರ್ ಬಿಲ್ಲೆ ಮಾಡಿ ತೂತಿಗೆ ಸಿಗಿಸ್ತಿದ್ವಿ. ಯಾರ ಚಪ್ಪಲಿ ಅಂತ ಇಲ್ಲಿ ಬೇಡ.

ಟ್ರಂಕಿನ ಪ್ಲೇಟುಗಳದ್ದು ಒಂದು ತಮಾಷೆ ಇತ್ತು. ಎ ಸೈಡುಗಳನ್ನ ಗಣಿ ಕ್ಲಬ್ಬಿನ ಡ್ಯಾನ್ಸಿಗೆ, ಕ್ರಿಸ್‌ಮಸ್‌ಗೆ, ಮದ್ವೆಗೆ ಹಾಕಿ ಹಾಕಿ ಸವೆಸಿಬಿಟ್ಟಿದ್ರು, ಮುಳ್ಳು ಇಟ್ರೆ ಬರೀ ಕರಕರ. ಬಿ ಸೈಡು ಮಾತ್ರ ಅಂಗಡಿಯಿಂದ ಈಗ ತಂದಂಗೆ ಫಳಫಳ ಅಂತಿತ್ತು, ಯಾರೂ ತಿರುಗಿಸಿಯೇ ಇರ್ಲಿಲ್ಲ. ಅದಕ್ಕೇ ಶನಿವಾರ ರಾತ್ರಿ ಮೆಸ್ ಮುಗಿಸ್ಕೊಂಡು ಎಲ್ರೂ ಸೇರಿದ್ರೆ ಕೆಜಿಎಫ್ ಮೊದಲು ಹೇಳ್ತಿದ್ದ ಮಾತು, ‘ತಿರುಗಿಸಿ ಹಾಕು ಮಚ್ಚಾ’. ನಮ್ಮ ಕಾಲದಲ್ಲಿ ಇಡೀ ಲೋಕ ಕೇಳಿದ ಹಾಡುಗಳು ನಮಗೆ ಸರಿಯಾಗಿ ಕೇಳಿಸ್ಲೇ ಇಲ್ಲ, ಯಾರೂ ಕೇಳದೇ ಇದ್ದಿದ್ದು ಬಾಯಿಪಾಠ ಆಗೋಯ್ತು.

ಒಂದ್ಸಲ ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡಿಂದು 1966ರ ‘ಪೇಪರ್‌ಬ್ಯಾಕ್ ರೈಟರ್’ ಪ್ಲೇಟು, ಅದರ ಹಿಂದಿನ ‘ರೇನ್’ ಹಾಕಿದ್ವಿ. ಡ್ರಮ್ಮು ಗಿಟಾರೆಲ್ಲಾ ಭಾರವಾಗಿ, ಎಳೆದೂ ಎಳೆದೂ ಬರ್ತಿದೆ. ಸೆಲ್ ವೀಕಾಗಿದೆ ಕಣೋ ಅಂತ ಹೊಸ ಸೆಲ್ ತಂದು ಹಾಕಿದ್ರೂ ಅಷ್ಟೇ. ಸಾಲದ್ದಕ್ಕೆ ಕೊನೇಗೆ ಹಾಡುವವನ ಮಾತು ಯಾವ ಭಾಷೆ ಅಂತಾನೇ ತಿಳಿಯಲ್ಲ. ಪ್ಲೇಯರ್ ಕೆಟ್ಟಿದೆ ಅಂತ ಅರ್ಧ ಜನ, ಪ್ಲೇಟೇ ಹಿಂಗೆ ಅಂತ ಇನ್ನರ್ಧ ಜನ, ಜಗಳ ಎಷ್ಟು ಜೋರಾಯ್ತು ಅಂದ್ರೆ ಪಕ್ಕದ ಕ್ವಾರ್ಟರ್ಸಿಂದ ನಮ್ಮ ಫಿಸಿಕ್ಸ್ ಮೇಷ್ಟ್ರು ಪಂಚೆ ಎತ್ತಿ ಕಟ್ಕೊಂಡು ಬಂದೇಬಿಟ್ರು. ಬೈತಾರೆ ಅಂತ ಅನ್ಕೊಂಡ್ರೆ, ಒಂದು ಕಾಂಪಾಸು, ಒಂದು ಡ್ರಾಯಿಂಗ್ ಶೀಟು ತನ್ರೋ ಅಂದ್ರು.

ಅವರು ಮಾಡಿದ್ದು ಏನಂದ್ರೆ, ಶೀಟಲ್ಲಿ ಒಂದು ವೃತ್ತ ಕತ್ತರಿಸಿ ಅಂಚಿನ ಸುತ್ತ ಸಮ ಅಂತರದಲ್ಲಿ 133 ಕಪ್ಪು ಗೆರೆ ಹಾಕ್ಸಿದ್ರು. ನಮ್ಮ ಕರೆಂಟು 50 ಹರ್ಟ್ಸು, ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತೆ, ಅಂದ್ರೆ ನಿಮಿಷಕ್ಕೆ 6000, ಅದನ್ನ 45ರಿಂದ ಭಾಗಿಸಿದ್ರೆ 133 ಚಿಲ್ಲರೆ. ಆ ಕಾಗದನ ಪ್ಲೇಟ್ ಮೇಲಿಟ್ಟು ತಿರುಗಿಸಿದಾಗ ಸ್ಪೀಡ್ ಸರಿ ಇದ್ರೆ ಟ್ಯೂಬ್‌ಲೈಟ್ ಬೆಳಕಲ್ಲಿ ಗೆರೆಗಳು ನಿಂತಲ್ಲೇ ನಿಂತಂಗೆ ಕಾಣ್ಬೇಕು, ನಿಧಾನ ಆದ್ರೆ ಹಿಂದಕ್ಕೆ ಸರೀತಾವೆ. ಗೆರೆ ಎಳೆಯೋಕೇ ರಾತ್ರಿ ಬಹಳ ಹೊತ್ತಾಯ್ತು, ಎಳೆದೋನು ಆಮೇಲೆ ಸಿವಿಲ್ ಇಂಜಿನಿಯರ್ ಆದ ಅನ್ನೋದು ಬೇರೆ ವಿಷ್ಯ. ಇಟ್ಟು ನೋಡಿದ್ರೆ ಗೆರೆ ಅಲ್ಲಾಡ್ಲಿಲ್ಲ. ‘ನಿಮ್ಮ ಮಿಷನ್ ಸರಿ ಇದೆ ಕಣ್ರಯ್ಯಾ, ಹಾಡೇ ಹಂಗಿದೆ’ ಅಂದು ಮೇಷ್ಟ್ರು ಇನ್ನೊಂದ್ಸಲ ಹಾಕ್ಸಿ ಕೇಳಿ ಎದ್ದು ಹೋದ್ರು. ಎಷ್ಟೋ ವರ್ಷ ಆದ್ಮೇಲೆ ಓದಿ ತಿಳ್ಕೊಂಡೆ, ವಾದ್ಯಗಳನ್ನ ಬೇಕಂತಲೇ ಸ್ಪೀಡಾಗಿ ನುಡಿಸಿ ರೆಕಾರ್ಡ್ ಮಾಡಿ ಆಮೇಲೆ ಟೇಪನ್ನ ನಿಧಾನ ಮಾಡಿದ್ರಂತೆ, ಕೊನೇಗೆ ಬರೋ ಆ ಅರ್ಥ ಆಗದ ಮಾತು ಬೀಟಲ್ಸ್ ಹಾಡುಗಾರ ಜಾನ್ ಲೆನನ್ ದನಿಯ ಟೇಪನ್ನ ತಿರುವುಮುರುವು ಓಡಿಸಿದ್ದು. ಮೇಷ್ಟ್ರಿಗೆ ಹೇಳ್ಬೇಕಿತ್ತು, ಅಷ್ಟರಲ್ಲಿ ಅವರಿರಲಿಲ್ಲ.

ಇನ್ನೊಂದು ರಾತ್ರಿ ಬೀಟಲ್ಸ್‌ದೇ ‘ಲೇಡಿ ಮಡೋನಾ’ ತಿರುಗಿಸಿ ಹಾಕಿದ್ವಿ. ಮುಳ್ಳು ಕೂತಿದ್ದೇ ತಡ ಸರೋದು, ಕೊಳಲು! ಮಂಚದ ಮೇಲೆ ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದ್ದ ಧಾರವಾಡ ದಡಕ್ಕನೆ ಎದ್ದು ಕೂತು, ‘ಏ, ಇದು ನಮ್ಮದ್ ಐತಲೇ!’ ಅಂದ. ಇಂಗ್ಲಿಷ್ ಹಾಡು ಅಂದ್ರೆ ಅವನಿಗೆ ಆಗ್ತಿರ್ಲಿಲ್ಲ, ಅವತ್ತು ಮಾತ್ರ ಮುಳ್ಳನ್ನ ಅವನೇ ಎತ್ತಿ ಎತ್ತಿ ಹಾಕ್ದ. ಅದು ‘ದಿ ಇನ್ನರ್ ಲೈಟ್’. 1968ರ ಜನವರಿಯಲ್ಲಿ ಬೀಟಲ್ಸ್ ಗಿಟಾರಿಸ್ಟ್ ಜಾರ್ಜ್ ಹ್ಯಾರಿಸನ್ ಬಾಂಬೆಗೆ ಬಂದು ಎಚ್‌ಎಂವಿ ಸ್ಟೂಡಿಯೋದಲ್ಲಿ ನಮ್ಮ ವಾದಕರನ್ನ ಕೂರಿಸಿ ವಾದ್ಯದ ಭಾಗ ಮಾಡ್ಸಿದ್ದು, ಹರಿಪ್ರಸಾದ್ ಚೌರಾಸಿಯಾ, ಆಶಿಶ್ ಖಾನ್ ಅಂಥೋರು ಅದರಲ್ಲಿದ್ರು. ದನಿ ಮಾತ್ರ ಲಂಡನ್ನಲ್ಲಿ ಸೇರಿಸಿದ್ದು. ಹ್ಯಾರಿಸನ್ ಬರೆದ ಹಾಡು ಬೀಟಲ್ಸ್ ಸಿಂಗಲ್ ಒಂದರಲ್ಲಿ ಬಂದಿದ್ದು ಅದೇ ಮೊದಲು, ಅದೂ ಹಿಂದ್ಗಡೆ. ಮಾರ್ಚಲ್ಲಿ ಅದು ರಿಲೀಸ್ ಆದಾಗ ಆಸಾಮಿ ಹೃಷಿಕೇಶದಲ್ಲಿದ್ದ. ಪ್ಲೇಟಿನ ಲೇಬಲ್ ಮೇಲೆ ನಮ್ಮೋರ ಒಂದು ಹೆಸ್ರೂ ಇಲ್ಲ ನೋಡಿ. ಧಾರವಾಡಕ್ಕೆ ಹೆಸ್ರಿನ ಹಂಗೇ ಬೇಕಾಗ್ಲಿಲ್ಲ, ಕಿವಿಯಲ್ಲೇ ಕಂಡುಹಿಡಿದ.

ನಂಗನ್ಸೋದು, ಇಂಥ ಹಾಡು ಎ ಸೈಡಲ್ಲಿ ಬರೋಕೆ ಚಾನ್ಸೇ ಇರ್ಲಿಲ್ಲ. ಮುಂದ್ಗಡೆ ಹಾಡಿಗೆ ಕಂಪನಿ, ಮ್ಯಾನೇಜರು, ರೇಡಿಯೋದವರು ಎಲ್ರೂ ಕಣ್ಣಿಟ್ಟಿರ್ತಾರೆ, ಹಿಂದ್ಗಡೆದು ಯಾರಿಗೂ ಬೇಡ, ಹಾಗಾಗಿ ಹುಡುಗ್ರು ಅಲ್ಲಿ ಮನಸ್ಸಿಗೆ ಬಂದಿದ್ದು ಮಾಡಿದ್ರು. ಎಲ್ಲ ಬಿ ಸೈಡೂ ಬಂಗಾರ ಅಂತೇನಿಲ್ಲ, ಕಸಾನೂ ಬೇಕಾದಷ್ಟಿದೆ. ಫಿಲ್ ಸ್ಪೆಕ್ಟರ್ ಅಂತ ಅಮೆರಿಕದ ಪ್ರೊಡ್ಯೂಸರು, ಡಿಜೆಗಳು ತಪ್ಪಿ ತಿರುಗಿಸಿಬಿಟ್ಟಾರು ಅಂತ ಬೇಕಂತಲೇ ಹಿಂದೆ ಕೆಲಸಕ್ಕೆ ಬಾರದ ಬರೀ ವಾದ್ಯದ ತುಣುಕು ಹಾಕ್ಸ್ತಿದ್ದ. ಆದ್ರೆ ಡಿಜೆಗಳು ಕೇಳ್ಬೇಕಲ್ಲ! 1978ರಲ್ಲಿ ಅಮೆರಿಕದ ಗಾಯಕಿ ಗ್ಲೋರಿಯಾ ಗೇನರ್‌ದು ‘ಐ ವಿಲ್ ಸರ್ವೈವ್’ ಬಂದಿದ್ದೇ ಬಿ ಸೈಡಾಗಿ, ಡಿಸ್ಕೋ ಡಿಜೆಗಳು ಪ್ಲೇಟ್ ತಿರುಗಿಸಿ ತಿರುಗಿಸಿ ಹಾಕಿ 1979ರಲ್ಲಿ ಅಮೆರಿಕದಲ್ಲಿ ನಂಬರ್ ಒನ್ ಮಾಡಿದ್ರು. ದುಡ್ಡಿನ ವಿಷ್ಯದಲ್ಲಂತೂ ಬಿ ಸೈಡಿಗೆ ಅನ್ಯಾಯ ಆಗ್ಲಿಲ್ಲ, ಪ್ಲೇಟ್ ಒಂದೇ ಅಲ್ವಾ, ಮಾರಿದ ಪ್ರತಿ ಪ್ಲೇಟಿಗೂ ಹಿಂದಿನ ಹಾಡು ಬರೆದೋನಿಗೂ ಮುಂದಿನೋನಷ್ಟೇ ರಾಯಲ್ಟಿ. 1975ರಲ್ಲಿ ಇಂಗ್ಲೆಂಡಿನ ಕ್ವೀನ್ ಬ್ಯಾಂಡಿನೋರ ‘ಬೊಹೀಮಿಯನ್ ರಾಪ್ಸಡಿ’ ಲೋಕವೆಲ್ಲಾ ಖರೀದಿ ಮಾಡ್ತಲ್ಲ, ಹಿಂದ್ಗಡೆ ಇದ್ದಿದ್ದು ಡ್ರಮ್ಮರ್ ರೋಜರ್ ಟೇಲರ್ ಬರೆದ ಕಾರಿನ ಹಾಡು. ಕೆಜಿಎಫ್ ಈ ಕಥೆ ಹೇಳಿ ಹೇಳಿ ನಗ್ತಿದ್ದ, ಎಕ್ಸಾಮಲ್ಲಿ ನನ್ನ ಹಿಂದಿನ ಬೆಂಚಲ್ಲಿ ಕೂರೋಕೆ ಅವನಿಗೆ ಅದೇ ಸ್ಫೂರ್ತಿ ಅಂತೆ.

ಗಣಿ 2001ರಲ್ಲಿ ಮುಚ್ತು. ಅಷ್ಟರಲ್ಲಿ ಕೆಜಿಎಫ್‌ನೂ ಅಂಕಲ್‌ಗಳ ದಾರಿ ಹಿಡಿದು ಪರ್ತ್‌ಗೆ ಹೋಗಿದ್ದ. ಈಗ ಫೋನಲ್ಲಿ ‘ರೇನ್’ ಬೇಕಂದ್ರೆ ಎರಡು ಸೆಕೆಂಡು, ಕೇಳ್ತೀನಿ, ಸೌಂಡೂ ನಮ್ಮ ಫಿಯೆಸ್ಟಾಗಿಂತ ಚೆನ್ನಾಗಿದೆ, ಸುಳ್ಳು ಯಾಕೆ. ಆದ್ರೆ ಅದರ ಹಿಂದ್ಗಡೆ ಏನಿದೆ ಅಂತ ತಿರುಗಿಸಿ ನೋಡೋಕೆ ಹಿಂದು ಅನ್ನೋದೇ ಇಲ್ಲ.

ಬೆಂಗಳೂರಿನ ಸಂಡೆ ಬಜಾರಲ್ಲಿ ಹುಡುಕ್ತಾ ಇದ್ರೆ ಏಳಿಂಚಿನ ಪ್ಲೇಟ್ ಈಗ್ಲೂ ಕೈಗೆ ಸಿಗ್ತವೆ, ಒಂದಷ್ಟು ಕೂಡಿಸಿದ್ದೀನಿ, ಮುಂದಿನ ಹಳೇ ವಿದ್ಯಾರ್ಥಿಗಳ ಮೀಟ್‌ಗೆ ಪ್ಲೇಯರ್ ಸಮೇತ ತರ್ತೀನಿ. ಮೇಷ್ಟ್ರ 133 ಗೆರೆ ಕಾಗದ ಸಿವಿಲ್ ಇಂಜಿನಿಯರ್ ಹತ್ರ ಇನ್ನೂ ಇದೆಯಂತೆ, ಅದೂ ಬರುತ್ತೆ. ಸೆಕ್ರೆಟರಿಗಳಲ್ಲಿ ಒಂದೇ ರಿಕ್ವೆಸ್ಟು, ಹಾಲಲ್ಲಿ ಎಲ್ಲಾ ಎಲ್‌ಇಡಿ ಮಾಡ್ಸಿದ್ದೀರಂತೆ, ಅದರ ಬೆಳಕಲ್ಲಿ ಗೆರೆ ನಿಲ್ಲೋದು ಡೌಟು, ಸ್ಟೋರ್ ರೂಮಲ್ಲಿ ಹಳೇ ಚೋಕ್ ಇರೋ ಟ್ಯೂಬ್‌ಲೈಟ್ ಒಂದಿದ್ರೆ ಎಸೀಬೇಡಿ, ಧೂಳು ಒರೆಸಿ ತೆಗೆದಿಡಿ.